ಕಾಳಿಯ ನೀರನ್ನು ಅಳೆಯುವವರು ಯಾರು?

ಗದಗ ಜಿಲ್ಲೆಯ ಲಕ್ಕಲಕಟ್ಟಿಯ ಹೊಲದಲ್ಲಿ ನಿಂತವನಿಗೆ ಕಾರವಾರದ ಸಮುದ್ರದ ಉಸಾಬರಿ ಏಕೆ ಎಂದು ಕೇಳುವವರಿದ್ದಾರೆ. 1950–60ರ ದಶಕಗಳಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟಗಳು ಬಯಲಲ್ಲಿ ಸಿಡಿಸಿದ ಅಣುಬಾಂಬುಗಳ ವಿಕಿರಣಶೀಲ ಸೀಸಿಯಂ-137 ಮಳೆಯೊಡನೆ ಜಗತ್ತಿನ ಎಲ್ಲ ಕಡೆ ಇಳಿದಿದೆ. ನಮ್ಮ ಹೊಲವೂ ಅದಕ್ಕೆ ಹೊರತಲ್ಲ. ಮೇಲ್ಮಣ್ಣು ಎಷ್ಟು ಕೊಚ್ಚಿಹೋಯಿತೆಂದು ತಿಳಿಯಲು ಮಣ್ಣು ವಿಜ್ಞಾನಿಗಳು ಈಗಲೂ ಅದನ್ನೇ ಅಳೆಯುತ್ತಾರೆ. ಸಮುದ್ರ ದೂರ ಎಂಬ ಮಾತು ಇಲ್ಲಿ ನಡೆಯದು.

ಅಳತೆಗೆ ಹೊರಗಿನವರು ಏಕೆ ಬೇಕೆಂಬುದಕ್ಕೆ ಹಳೆಯ ಉದಾಹರಣೆಯೊಂದಿದೆ. 1954ರ ಮಾರ್ಚ್ 1ರಂದು ಬಿಕಿನಿ ಹವಳದ್ವೀಪದಲ್ಲಿ ಅಮೆರಿಕ 15 ಮೆಗಾಟನ್ ಬಾಂಬು ಸಿಡಿಸಿತು. ಜಪಾನಿನ ಮೀನುದೋಣಿಯೊಂದರ 23 ಜನರ ಮೇಲೆ ಬೂದಿ ಸುರಿಯಿತು. ಅವರಲ್ಲೊಬ್ಬರು ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಕಡಲಿನ ನೀರಲ್ಲಿ ಎಲ್ಲ ತೆಳುವಾಗಿ ಹೋಗುತ್ತದೆ ಎಂಬುದು ಸಿಡಿಸಿದವರ ವಾದ. ಜಪಾನ್ ವಾದಿಸುತ್ತ ಕೂರದೆ ಶುನ್‌ಕೊತ್ಸು ಮಾರು ಎಂಬ ಹಡಗು ಕಳಿಸಿ ನೀರನ್ನೂ ಮೀನನ್ನೂ ಅಳೆಸಿತು. ಬಿಕಿನಿಯಿಂದ ಬಹುದೂರದವರೆಗೆ ವಿಕಿರಣ ಸಿಕ್ಕಿತು. ಮರುವರ್ಷ ಅದನ್ನು ಅಳೆಯಲು ಅಮೆರಿಕವೇ ತನ್ನ ಹಡಗು ಹೊರಡಿಸಬೇಕಾಯಿತು. ಆಮೇಲೆ ಕಟ್ಸುಕೊ ಸರುಹಾಶಿ ಎಂಬ ಜಪಾನಿನ ರಸಾಯನ ವಿಜ್ಞಾನಿಯ ಕಡಲನೀರಿನ ಸೀಸಿಯಂ ಲೆಕ್ಕವನ್ನು ಅಮೆರಿಕದವರು ನಂಬದಿದ್ದಾಗ, 1962ರಲ್ಲಿ ಆಕೆ ಕ್ಯಾಲಿಫೋರ್ನಿಯಾದ ಅವರ ಪ್ರಯೋಗಾಲಯಕ್ಕೇ ಹೋಗಿ ಅಳೆದು ತೋರಿಸಿದರು. ಆಕೆಯ ಲೆಕ್ಕವೇ ಸರಿಯಿತ್ತು.

ಈಗ ನಮ್ಮ ಕೈಗಾ ಅಣುವಿದ್ಯುತ್ ಸ್ಥಾವರಕ್ಕೆ ಬನ್ನಿ. ಅದು ಬಾಂಬಲ್ಲ, ಒಪ್ಪೋಣ. ಆದರೆ ತಲಾ 220 ಮೆಗಾವಾಟಿನ ಅಲ್ಲಿನ ನಾಲ್ಕು ಘಟಕಗಳ ಭಾರಜಲದಲ್ಲಿ ವಿಕಿರಣಶೀಲ ಟ್ರಿಟಿಯಂ ಹುಟ್ಟುತ್ತದೆ. ನಿಗದಿತ ಮಿತಿಯೊಳಗೆ ಅದನ್ನು ಕದ್ರಾ ಜಲಾಶಯಕ್ಕೆ ಬಿಡುತ್ತಾರೆ. ಅಲ್ಲಿಂದ ಕಾಳಿ ನದಿ, ಕಾಳಿಯಿಂದ ಅರಬ್ಬಿ ಸಮುದ್ರ. ಟ್ರಿಟಿಯಂ ನೀರಿನೊಳಗೆ ನೀರಾಗಿಯೇ ಇರುವುದರಿಂದ ಸೋಸಿ ತೆಗೆಯಲಾಗದು, ಅರ್ಧದಷ್ಟು ಕ್ಷಯಿಸಲು ಸುಮಾರು 12 ವರ್ಷ ಬೇಕು. ಈ ನೀರನ್ನು ಅಳೆಯುವ ಪ್ರಯೋಗಾಲಯ ಬಾಬಾ ಅಣು ಸಂಶೋಧನಾ ಕೇಂದ್ರದ್ದು. ಸ್ಥಾವರವೂ ಅದೂ ಒಂದೇ ಅಣುಶಕ್ತಿ ಇಲಾಖೆಯವು. ಅಣುಶಕ್ತಿ ನಿಯಂತ್ರಣ ಮಂಡಳಿಗೂ ಸಾಕಷ್ಟು ಸ್ವಾಯತ್ತತೆ ಇಲ್ಲವೆಂದು 2012ರಲ್ಲಿ ಆಕ್ಷೇಪಿಸಿದ್ದು ಯಾವ ಚಳವಳಿಗಾರನೂ ಅಲ್ಲ, ಮಹಾಲೇಖಪಾಲರು (ಸಿಎಜಿ).

ಕೈಗಾದ ವಿಜ್ಞಾನಿಗಳು ಸುಳ್ಳು ಹೇಳುತ್ತಾರೆಂದು ನಾನು ಹೇಳುತ್ತಿಲ್ಲ. 2009ರ ನವೆಂಬರಿನಲ್ಲಿ ಕುಡಿಯುವ ನೀರಿನ ಕೂಲರಿಗೆ ಯಾರೋ ಟ್ರಿಟಿಯಂ ಬೆರೆಸಿದ್ದು ಬಯಲಾದದ್ದು ಅವರೇ ಮಾಡಿದ ನೌಕರರ ಮೂತ್ರ ಪರೀಕ್ಷೆಯಿಂದ. ಆದರೆ ತನ್ನ ಲೆಕ್ಕವನ್ನು ತಾನೇ ತಪಾಸಣೆ ಮಾಡಿಕೊಳ್ಳುವುದನ್ನು ನಾವು ಹಳ್ಳಿಯ ಸಹಕಾರಿ ಸಂಘದಲ್ಲೂ ಒಪ್ಪುವುದಿಲ್ಲ. ಇನ್ನು, ಮೀನು ಸಿಗದಿದ್ದರೂ ಕೈಗಾ, ಕಾಯಿಲೆ ಬಂದರೂ ಕೈಗಾ ಎನ್ನುವ ವಿರೋಧಿಗಳ ಕೈಯಲ್ಲೂ ಅಳತೆ ಇಲ್ಲ. ಅಳತೆಯಿಲ್ಲದ ಗದ್ದಲದಿಂದ ಇಲಾಖೆಗೇ ಲಾಭ.

ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವ ವಿಭಾಗವಿದೆ, ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪರಿಸರ ವಿಕಿರಣ ಅಧ್ಯಯನದ ಕೇಂದ್ರವಿದೆ. ಕೈಗಾದ ತಲಾ 700 ಮೆಗಾವಾಟಿನ 5 ಮತ್ತು 6ನೇ ಘಟಕಗಳು ಚಾಲೂ ಆಗುವ ಮುಂಚೆಯೇ ಕದ್ರಾದಿಂದ ಅಳಿವೆಯವರೆಗೆ ನೀರು, ಕೆಸರು, ಮೀನು ಅಳೆಯುವ ಕೆಲಸವನ್ನು ರಾಜ್ಯ ಸರ್ಕಾರ ತನ್ನ ದುಡ್ಡಲ್ಲಿ ಇವರಿಗೆ ವಹಿಸಲಿ. ತಿಂಗಳ ಅಂಕಿಗಳನ್ನು ಕನ್ನಡದಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ಅಂಟಿಸಲಿ. 2011ರಲ್ಲಿ ಹಳ್ಳಿಗುಡಿಯ ಭೂಮಿಯನ್ನು ಪೋಸ್ಕೋ ಉಕ್ಕಿನ ಕಂಪನಿಗೆ ಕೊಡೆವೆಂದು ಎದ್ದು ನಿಂತ ಜಿಲ್ಲೆ ನಮ್ಮದು. ಕರಾವಳಿಯ ಶಾಸಕರು ಕೇಳದಿದ್ದರೆ ಗದಗ ಜಿಲ್ಲೆಯವರಾದರೂ ವಿಧಾನಸಭೆಯಲ್ಲಿ ಇದನ್ನು ಕೇಳಲಿ.