ಕವಚದ ಹೊಳಪೂ ಕವಚದ ಸಾಕ್ಷ್ಯವೂ

ಕಳೆದ ಮಹಾನವಮಿಯ ತರುವಾಯ ಹಿರಿಯೂರಿನ ಕಡೆಯ ವಿದ್ಯಾರ್ಥಿಯೊಬ್ಬನು ತನ್ನ ಮನೆಯಲ್ಲಿದ್ದ ಹಳೆಯ ಕವಚದ ತುಂಡೊಂದನ್ನು ನಮ್ಮ ಪ್ರಯೋಗಶಾಲೆಗೆ ತಂದನು. ಆಯುಧಪೂಜೆಗೆಂದು ಇಟ್ಟಿಗೆಪುಡಿಯಿಂದಲೂ ಉಪ್ಪುಕಾಗದದಿಂದಲೂ ಉಜ್ಜಿದ ಆ ತಗಡು ಕನ್ನಡಿಯಂತೆ ಹೊಳೆಯುತ್ತಿದ್ದಿತು. ಇದು ಯಾವ ಕಾಲದ್ದು, ಎಲ್ಲಿಯದು ಎಂದು ಅವನು ಕೇಳಿದನು. ಉತ್ತರ ಹೇಳಬಹುದಾಗಿದ್ದ ಗುರುತುಗಳೆಲ್ಲ ಹೊಳಪಿನೊಡನೆ ಅಳಿದುಹೋಗಿದ್ದುವು.

ಪುರಾತನ ಕವಚದ ಬೆಲೆ ಹೊಳಪಿನಲ್ಲಿಲ್ಲ, ಅದು ನುಡಿಯುವ ಸಾಕ್ಷ್ಯದಲ್ಲಿದೆ ಎಂಬುದು ನಮ್ಮ ಅಭಿಪ್ರಾಯ. ಯೂರೋಪಿನ 15ನೆಯ ಶತಮಾನದ ಕವಚಗಳನ್ನೇ ನೋಡಿರಿ. ಅಡಿಯಿಂದ ಮುಡಿಯವರೆಗೆ ಮುಚ್ಚುವ ಇಂತಹ ಕವಚದ ತೂಕ ಸಾಮಾನ್ಯವಾಗಿ 15ರಿಂದ 25 ಕಿಲೋಗ್ರಾಂ. ಅದರ ಎದೆಯ ಉಬ್ಬು ಕೇವಲ ಅಂದಕ್ಕಾಗಿ ಅಲ್ಲ. ಲಂಬದಿಂದ 60 ಡಿಗ್ರಿ ಓರೆಯಾಗಿ ಬಾಣ ತಗಲಿದರೆ, ತಗಡಿನೊಳಕ್ಕೆ ನಾಟುವ ದಿಕ್ಕಿನ ವೇಗ ಅರ್ಧಕ್ಕೂ ಚಲನಶಕ್ತಿ ಕಾಲುಭಾಗಕ್ಕೂ ಇಳಿಯುವುದು. ಆಲನ್ ವಿಲಿಯಮ್ಸ್ ಅವರು ಇಂತಹ ಕವಚಗಳ ಲೋಹವನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿ 2003ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಬರಿಗಣ್ಣಿಗೆ ಒಂದೇ ಎಂದು ತೋರುವ ಕವಚಗಳಲ್ಲಿ ಕೆಲವು ಬರಿಯ ಕಬ್ಬಿಣ, ಕೆಲವು ಕಾಯಿಸಿ ತಣಿಸಿ ಗಡುಸುಗೊಳಿಸಿದ ಉಕ್ಕು ಎಂದು ತಿಳಿದುಬಂದಿತು.

ನಮ್ಮ ನಾಡಿನ ಕವಚಗಳು ಬಹುಮಟ್ಟಿಗೆ ಉಂಗುರಗಳ ಜಾಲದಲ್ಲಿ ತಗಡುಗಳನ್ನು ಕೂಡಿಸಿದಂತಹವು. ಹೊಳಲ್ಕೆರೆ, ಹೊಸದುರ್ಗಗಳ ಬೆಟ್ಟಗಳಲ್ಲಿ ಕಬ್ಬಿಣದ ಅದಿರುಂಟು. 1800–01ರಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯ ಕಬ್ಬಿಣ ಉಕ್ಕುಗಳ ಕುಲುಮೆಗಳನ್ನು ವಿವರವಾಗಿ ವರ್ಣಿಸಿರುವನು. 1779ರಲ್ಲಿ ಹೈದರಾಲಿಯ ವಶವಾಗುವವರೆಗೆ ಚಿತ್ರದುರ್ಗವನ್ನು ಕಾಯ್ದವರ ಮೈಮೇಲಿದ್ದ ಲೋಹ ಈ ಬೆಟ್ಟಗಳದೇ, ಹೊರಗಿನಿಂದ ಬಂದುದೇ? ಈ ಪ್ರಶ್ನೆಗೆ ಲೋಹವೇ ಉತ್ತರ ಕೊಡಬೇಕು. ಸುತ್ತಿಗೆಯ ಪೆಟ್ಟು, ಉಂಗುರದ ಬೆಸುಗೆ, ಬೆಳ್ಳಿಯ ರೇಖೆ, ಸಣ್ಣ ಬರಹ ಇವೇ ಅದರ ಅಕ್ಷರಗಳು.

ಪೂಜೆಯ ವಸ್ತುವನ್ನು ತುಕ್ಕಿನಲ್ಲಿಡುವುದು ಹೇಗೆ ಎಂದು ಹಿರಿಯರು ಕೇಳಬಹುದು. ಪೂಜೆ ನಡೆಯಲಿ, ಉಜ್ಜುವುದು ಬೇಡ. ಒಣಬಟ್ಟೆಯಿಂದ ಧೂಳೊರಸಿ, ಹೊಲಿಗೆಯಂತ್ರದ ಎಣ್ಣೆಯನ್ನು ತೆಳ್ಳಗೆ ಸವರಿದರೆ ಸಾಕು. ಅರಿಶಿನ ಕುಂಕುಮವನ್ನು ಕೆಳಗೆ ಹಾಸಿದ ವಸ್ತ್ರಕ್ಕೆ ಇಡಬಹುದು. ವಸ್ತು ಯಾರಿಂದ ಬಂದಿತೆಂಬುದನ್ನು ಹಿರಿಯರು ಬದುಕಿರುವಾಗಲೇ ಬರೆದಿಡಿರಿ. ನೂರು ವರ್ಷ ಮೀರಿದ ಇಂತಹ ವಸ್ತುಗಳು 1972ರ ಕಾನೂನಿನಂತೆ ಪ್ರಾಚ್ಯವಸ್ತುಗಳು. ಖಾಸಗಿಯವರು ಅವನ್ನು ವಿದೇಶಕ್ಕೆ ಸಾಗಿಸುವಂತಿಲ್ಲ. ಚಿತ್ರದುರ್ಗದ ರಂಗಯ್ಯನ ಬಾಗಿಲಿನ ವಸ್ತುಸಂಗ್ರಹಾಲಯದಲ್ಲಿ ಹಳೆಯ ಆಯುಧಗಳನ್ನು ನೋಡಿ ಬಂದು, ಬಳಿಕ ಅಟ್ಟದ ಪೆಟ್ಟಿಗೆಯನ್ನು ತೆರೆಯಿರಿ.

ಆ ವಿದ್ಯಾರ್ಥಿಯು ತಪ್ಪೇನನ್ನೂ ಮಾಡಲಿಲ್ಲ. ಹಿರಿಯರ ಮೇಲಣ ಗೌರವದಿಂದಲೇ ಉಜ್ಜಿದನು. ಇದನ್ನು ಅವನಿಗೆ ಮೊದಲೇ ಹೇಳಬೇಕಾಗಿದ್ದವರು, ವಿಜ್ಞಾನವನ್ನು ಬೋಧಿಸುವ ನಾವು.