ಸವಾರಿಯೋ, ಶೃಂಗಾರವೋ?

ದೇಹಶ್ರಮವನ್ನು ಕೀಳೆಂದು ಭಾವಿಸುವ ಸಮಾಜದಲ್ಲಿ ಬೆವರು ಸುರಿಸುವ ಅಭ್ಯಾಸ ಯಾವುದೇ ಹೊಸದಾಗಿ ಬೇರೂರಲಿ, ಅದನ್ನು ಸ್ವಾಗತಿಸುವುದು ವಿವೇಕಿಗಳ ಧರ್ಮ. ಆದರೆ ಅಭ್ಯಾಸವು ಬೇರೆ, ಅಭ್ಯಾಸದ ವೇಷವು ಬೇರೆ. ಕೆಲವು ವರ್ಷಗಳಿಂದ ದೊಡ್ಡ ಪಟ್ಟಣಗಳಲ್ಲಿ, ವಿಶೇಷವಾಗಿ ಬೆಂಗಳೂರಿನಲ್ಲಿ, ನಲವತ್ತು ದಾಟಿದ ಸ್ಥಿತಿವಂತ ಗೃಹಸ್ಥರಲ್ಲಿ ಹಬ್ಬಿರುವ ಬೈಸಿಕಲ್ಲಿನ ಮೋಹವನ್ನು ಕಂಡವರಿಗೆ, ಇದು ಅಭ್ಯಾಸವೋ ವೇಷವೋ ಎಂಬ ಶಂಕೆ ಹುಟ್ಟದೆ ಇರದು.

ಭಾನುವಾರ ಬೆಳಗಾಗುವ ಮೊದಲೇ ಬಳ್ಳಾರಿ ರಸ್ತೆಯಲ್ಲಿ ಈ ಸವಾರರ ಸಾಲು ನಂದಿಬೆಟ್ಟದ ಕಡೆಗೆ ಹೊರಡುತ್ತದೆ. ಮನೆಯಿಂದಲೇ ತುಳಿದುಕೊಂಡು ಹೋಗುವ ಶ್ರಮಜೀವಿಗಳು ಅವರಲ್ಲಿ ಇಲ್ಲದಿಲ್ಲ. ಆದರೆ ಸೈಕಲ್ಲನ್ನು ಕಾರಿನ ನೆತ್ತಿಯ ಮೇಲೆ ಕಟ್ಟಿಕೊಂಡು ಬೆಟ್ಟದ ಬುಡದವರೆಗೂ ಸಾಗಿಸಿ, ಅಲ್ಲಿ ಇಳಿಸಿ ಏರುವವರೂ ಉಂಟು. ಮೈಗಂಟಿದ ಅಂಗಿ; ಅದರ ತುಂಬ, ತೊಟ್ಟವರಿಗೆ ಒಂದು ಕಾಸನ್ನೂ ಕೊಡದ ವಿದೇಶೀ ವ್ಯಾಪಾರಸ್ಥರ ಹೆಸರುಗಳು. ನೆಲದ ಮೇಲೆ ನಾಲ್ಕು ಹೆಜ್ಜೆ ನಡೆಯಲು ಬಾರದ ಪಾದರಕ್ಷೆ. ಏರಿದ ಎತ್ತರವನ್ನೂ ಎದೆಬಡಿತವನ್ನೂ ಎಣಿಸುವ ಯಂತ್ರವೊಂದು ಹ್ಯಾಂಡಲಿನ ಮೇಲೆ. ಕೊನೆಗೆ ಉಪಾಹಾರ, ಅದರೊಡನೆ, ಆ ದಿನದ ಅಂಕಿಅಂಶಗಳನ್ನು ಪರಿಚಿತರೆಲ್ಲರಿಗೂ ಫೋನಿನ ಮೂಲಕ ಸಾರುವ ಕಾರ್ಯಕ್ರಮ. ಸೈಕಲ್ಲಿನ ಬೆಲೆಯೋ, ಎರಡು ಮೂರು ಲಕ್ಷ ರೂಪಾಯಿಗಳಿಂದ ಮೊದಲಾಗಿ ಹತ್ತು ಲಕ್ಷವನ್ನೂ ಮೀರುತ್ತದೆ. ಇಷ್ಟು ಕೊಟ್ಟು ತಂದ ವಾಹನಕ್ಕೆ ಮಡ್‌ಗಾರ್ಡು ಇಲ್ಲ, ಸ್ಟ್ಯಾಂಡು ಇಲ್ಲ, ಒಂದು ಕಟ್ಟು ಸೊಪ್ಪನ್ನು ಮನೆಗೆ ತರಲು ಕ್ಯಾರಿಯರೂ ಇಲ್ಲ.

ಈ ಬಗೆ ಕನ್ನಡ ನಾಡಿನಲ್ಲಿ ಹುಟ್ಟಿದ್ದಲ್ಲ. ಮೈಗಂಟಿದ ಉಡುಪಿನ ನಡುವಯಸ್ಕ ಗಂಡಸರೆಂಬ ಮಾತಿನ ಮೊದಲಕ್ಷರಗಳನ್ನು ಕೂಡಿಸಿ, ಬ್ರಿಟನ್ನಿನ ಮಿಂಟೆಲ್ ಎಂಬ ಮಾರುಕಟ್ಟೆ ಸಂಶೋಧನಾ ಸಂಸ್ಥೆಯು 2010ರಲ್ಲಿ ಇವರಿಗೆ ‘ಮಾಮಿಲ್’ ಎಂಬ ಹೆಸರನ್ನೇ ಇಟ್ಟಿತು. ಹೆಸರಿಟ್ಟವರು ವೈದ್ಯರಲ್ಲ, ವ್ಯಾಯಾಮ ಶಿಕ್ಷಕರಲ್ಲ. ಯಾರು ಏನನ್ನು ಕೊಳ್ಳುವರೆಂದು ಲೆಕ್ಕ ಹಾಕುವವರು. ಉಪಯೋಗಕ್ಕಿಂತ ಪ್ರದರ್ಶನಕ್ಕಾಗಿಯೇ ವೆಚ್ಚಮಾಡುವ ಸ್ವಭಾವವನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಥಾರ್ಸ್ಟೀನ್ ವೆಬ್ಲೆನ್ ಎಂಬಾತನು 1899ರಷ್ಟು ಹಿಂದೆಯೇ ವಿವೇಚಿಸಿದ್ದನು. ಅಂದು ಬೆಳ್ಳಿಯ ಚಮಚ, ಇಂದು ಕಾರ್ಬನ್ ಎಳೆಯ ಚೌಕಟ್ಟು. ವಸ್ತುವು ಬದಲಾಯಿತೇ ಹೊರತು ಸ್ವಭಾವವು ಬದಲಾಗಲಿಲ್ಲ.

ಆರೋಗ್ಯಕ್ಕಾಗಿ ತುಳಿಯುವುದು ತಪ್ಪೇ ಎಂದು ಕೇಳಬಹುದು. ತಪ್ಪಲ್ಲ; ಪರಮಶ್ರೇಯಸ್ಕರ. ಹಗಲೆಲ್ಲ ಕುರ್ಚಿಯಲ್ಲಿ ಕುಳಿತು ಮಧುಮೇಹಕ್ಕೂ ರಕ್ತದೊತ್ತಡಕ್ಕೂ ಮೈಯೊಡ್ಡಿದ ಗೃಹಸ್ಥನಿಗೆ ಪೆಡಲಿನಷ್ಟು ಸುಲಭವಾದ ಔಷಧವು ವಿರಳ. ಆದರೆ ಆ ಔಷಧದ ಗುಣವಿರುವುದು ತುಳಿತದಲ್ಲಿ, ಬೆಲೆಯಲ್ಲಲ್ಲ. ಬ್ರಿಟನ್ನಿನ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಗಮನಿಸಿ ಮಾಡಿದ ಒಂದು ಅಧ್ಯಯನವು 2017ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಲ್ಲಿ ಹೃದ್ರೋಗ, ಅರ್ಬುದರೋಗ ಮೊದಲಾದವುಗಳ ಅಪಾಯವು ಕಡಿಮೆ ಕಂಡುಬಂದದ್ದು ಕೆಲಸಕ್ಕೆ ಸೈಕಲ್ಲಿನಲ್ಲಿ ಹೋಗಿಬರುವವರಲ್ಲಿ. ಅವರ ಸೈಕಲ್ಲಿನ ಬೆಲೆ ಏನೆಂದು ಅಲ್ಲಿ ಯಾರೂ ಕೇಳಲಿಲ್ಲ.

ಇನ್ನು ಹಗುರದ ಮಾತು. ಸಾಮಾನ್ಯರ ಸೈಕಲ್ಲು ಇಪ್ಪತ್ತು ಕಿಲೋ ತೂಗಿದರೆ ಇವರದು ಏಳೆಂಟು ಕಿಲೋ. ಜಗತ್ತಿನ ವೃತ್ತಿಪರ ಸ್ಪರ್ಧಿಗಳ ಸೈಕಲ್ಲೇ 6.8 ಕಿಲೋಗಿಂತ ಕಡಿಮೆ ತೂಗಬಾರದೆಂದು ಅಂತಾರಾಷ್ಟ್ರೀಯ ಸೈಕಲ್ ಒಕ್ಕೂಟವು 2000ದಿಂದ ಕಟ್ಟಳೆಮಾಡಿದೆ. ಹೀಗಿರಲು ಬೆಂಗಳೂರಿನ ಮಹನೀಯನೊಬ್ಬನು ಚಕ್ರದಲ್ಲಿ ಅರ್ಧ ಕಿಲೋ ಇಳಿಸುವುದಕ್ಕೆ ಲಕ್ಷ ರೂಪಾಯಿ ಸುರಿಯುತ್ತಾನೆ. ಸೊಂಟದ ಸುತ್ತಲಿನ ಹತ್ತು ಕಿಲೋ ಹಾಗೆಯೇ ಉಳಿಯುತ್ತದೆ. ಬೆಟ್ಟಕ್ಕೆ ಇವೆರಡರ ಭೇದವು ತಿಳಿಯದು; ಅದು ಒಟ್ಟು ಭಾರಕ್ಕೆ ಲೆಕ್ಕ ಕೇಳುತ್ತದೆ. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಏರಲಾರದವನು ಚಕ್ರ ಭಾರವೆನ್ನುತ್ತಾನೆ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ನಗೆಗೆ ಮೀರಿದ ವಿಷಯವೊಂದುಂಟು. ಹೆಚ್ಚುಕಡಿಮೆ ಸಮನಾದ ಎರಡು ಚಕ್ರಗಳ, ಹಿಂದಿನ ಚಕ್ರವನ್ನು ಸರಪಳಿಯಿಂದ ತಿರುಗಿಸುವ ‘ರೋವರ್’ ಸೈಕಲ್ಲನ್ನು ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲೆಯು 1885ರಲ್ಲಿ ನಿರ್ಮಿಸಿದನು. 1888ರಲ್ಲಿ ಡನ್‌ಲಪ್ಪನು ಗಾಳಿ ತುಂಬಿದ ಟೈರನ್ನು ಕೊಟ್ಟನು. ಅಂದೂ ಸೈಕಲ್ಲು ಮೊದಲು ಸಿರಿವಂತರ ಷೋಕಿಯೇ ಆಗಿತ್ತು. ಬೆಲೆ ಇಳಿದ ಮೇಲೆ ಅದು ಕೂಲಿಕಾರನ ಕಾಲಾಯಿತು. ಸಿರಿವಂತರು ಮೋಟಾರು ಹತ್ತಿದರು. ಆದರೆ ಆ ಕಾಲದ ಷೋಕಿಗಾರರು ಒಂದು ಉಪಕಾರವನ್ನು ಮಾಡಿಹೋದರು. 1880ರಲ್ಲಿ ಹುಟ್ಟಿದ ಅಮೆರಿಕದ ಸೈಕಲ್ ಸವಾರರ ಸಂಘವು, ಕೆಸರುಗುಂಡಿಗಳಾಗಿದ್ದ ಹಾದಿಗಳನ್ನು ಕಂಡು, ಒಳ್ಳೆಯ ರಸ್ತೆಗಳು ಬೇಕೆಂದು ದೇಶವ್ಯಾಪಿಯಾದ ಚಳವಳಿಯನ್ನೇ ಹೂಡಿತು. ತಮಗಾಗಿ ಕೇಳಿದ ರಸ್ತೆಯು ರೈತನ ಗಾಡಿಗೂ ಒದಗಿತು.

ಈ ನಾಡಿನಲ್ಲಿ ಸೈಕಲ್ಲಿನ ನಿಜವಾದ ಒಡೆಯರು ಯಾರು? ಬೆಳಗಿನ ಹಾಲಿನವನು, ಪತ್ರಿಕೆ ಹಾಕುವ ಹುಡುಗ, ಕಟ್ಟಡದ ಕೆಲಸಕ್ಕೆ ಬುತ್ತಿ ಕಟ್ಟಿಕೊಂಡು ಹೋಗುವವನು, ರಾತ್ರಿಯ ಪಾಳಿ ಮುಗಿಸಿ ಮರಳುವ ಕಾವಲುಗಾರ. 2011ರ ಜನಗಣತಿಯಂತೆ, ಬೇಸಾಯ ಮತ್ತು ಮನೆಕೈಗಾರಿಕೆಗಳನ್ನು ಬಿಟ್ಟು ಉಳಿದ ಕೆಲಸಗಾರರಲ್ಲಿ ನೂರಕ್ಕೆ ಸುಮಾರು 13 ಮಂದಿ ಕೆಲಸಕ್ಕೆ ಹೋಗುತ್ತಿದ್ದುದು ಸೈಕಲ್ಲಿನಲ್ಲಿಯೇ. ಕರ್ನಾಟಕ ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಹಂಚಲು ತೊಡಗಿದಾಗ, ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳಿಗೆ ಪ್ರೌಢಶಾಲೆಯ ದಾರಿಯೇ ಹತ್ತಿರವಾಯಿತು. ವಿಜಯಪುರ, ಬಾಗಲಕೋಟೆ ಸೀಮೆಯ ರೈತರ ಮಕ್ಕಳು ಸೈಕಲ್ ಪಂದ್ಯಗಳಲ್ಲಿ ನಾಡಿಗೆ ಕೀರ್ತಿ ತಂದಿದ್ದಾರೆ. ಬೆಲೆಬಾಳುವ ಸೈಕಲ್ಲು ಅಂಥವರ ಕೈಯಲ್ಲಿ ಆಯುಧವಾಗುತ್ತದೆ, ಆಭರಣವಾಗುವುದಿಲ್ಲ. ಆದ್ದರಿಂದ ಬೆಲೆಯೇ ಪಾಪವೆಂದು ಯಾರೂ ವಾದಿಸಬೇಕಾಗಿಲ್ಲ.

ಪಾಪವಿರುವುದು ಬೇರೆ ಕಡೆ. 2020ರ ಜೂನ್ 3ರಂದು, ಅಂದರೆ ವಿಶ್ವ ಬೈಸಿಕಲ್ ದಿನದಂದೇ, ಸಾಮಾನ್ಯರ ಸೈಕಲ್ಲಿಗೆ ಹೆಸರಾಗಿದ್ದ ಅಟ್ಲಾಸ್ ಸಂಸ್ಥೆಯು ಸಾಹಿಬಾಬಾದಿನ ತನ್ನ ಕಾರ್ಖಾನೆಯಲ್ಲಿ ಕೆಲಸ ನಿಲ್ಲಿಸಿತು. ನೂರಾರು ಕಾರ್ಮಿಕರು ಬೀದಿಗೆ ಬಂದರು. ಅದೇ ವರ್ಷ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಗೂಟ ನೆಟ್ಟು ಸೈಕಲ್ಲಿಗೆಂದೇ ಒಂದು ಪಥವನ್ನು ಮಾಡಲಾಯಿತು. ಮೋಟಾರುಗಳು ಅದರೊಳಕ್ಕೆ ನುಗ್ಗಿದವು, ಗೂಟಗಳು ಮುರಿದವು, ಮುಂದೆ ಮೆಟ್ರೋ ಕಾಮಗಾರಿಗೆ ಪಥವೇ ತುತ್ತಾಯಿತು. ಆ ಪಥಕ್ಕಾಗಿ ದುಡಿದ ಕೆಲವು ಸೈಕಲ್ ಪ್ರೇಮಿಗಳಿದ್ದರು. ಅವರಿಗೆ ಈ ಲೇಖನದ ಯಾವ ಮಾತೂ ತಗಲುವುದಿಲ್ಲ. ಆದರೆ ಮಿಕ್ಕವರೆಲ್ಲಿ? ಭಾನುವಾರ ಸೈಕಲ್ ಸವಾರನಾಗಿದ್ದ ಮಹನೀಯನು ಸೋಮವಾರ ಕಾರಿನೊಳಗೆ ಕುಳಿತು, ರಸ್ತೆಯ ಅಂಚಿನಲ್ಲಿ ತುಳಿಯುವ ಕೂಲಿಕಾರನು ಬದಿಗೆ ಸರಿಯಲೆಂದು ಹಾರನ್ನು ಒತ್ತುತ್ತಾನೆ. ಹಿಂದಿನ ದಿನ ತಾನೂ ಅದೇ ಜಾತಿಯ ವಾಹನದ ಮೇಲಿದ್ದೆನೆಂಬ ನೆನಪು ಅವನಿಗಿಲ್ಲ. ಇದೇ ಈ ಷೋಕಿಯ ನಿಜವಾದ ದೋಷ: ವಾಹನವನ್ನು ಸ್ವೀಕರಿಸಿತು, ಅದರ ಬಂಧುತ್ವವನ್ನು ಸ್ವೀಕರಿಸಲಿಲ್ಲ.

‘ಸ್ವಂತ ಹಣ, ಸ್ವಂತ ಮೈ, ಇತರರಿಗೇನು?’ ಎಂಬುದು ಇವರ ಸಮಾಧಾನ. ಹಣವೂ ಮೈಯೂ ಸ್ವಂತವಿರಬಹುದು, ರಸ್ತೆಯು ಸ್ವಂತವಲ್ಲ. ಅದರ ಮೇಲೆ ಪ್ರಾಣವನ್ನು ಕೈಯಲ್ಲಿ ಹಿಡಿದು ಸಾಗುವ ಬಡವನ ಮಾತು ಅಧಿಕಾರಿಗಳ ಬಾಗಿಲನ್ನು ಮುಟ್ಟದು. ಈ ಸವಾರರ ಮಾತು ಮುಟ್ಟುತ್ತದೆ. ಇವರಲ್ಲಿ ಉದ್ಯಮಿಗಳಿದ್ದಾರೆ, ವೈದ್ಯರಿದ್ದಾರೆ, ದೊಡ್ಡ ಕಚೇರಿಗಳ ಮೇಲಧಿಕಾರಿಗಳಿದ್ದಾರೆ. ಸೈಕಲ್ಲಿಗೆ ಹೆಸರಾದ ಹಾಲೆಂಡ್ ದೇಶವೂ ಹುಟ್ಟಿನಿಂದ ಹಾಗಿರಲಿಲ್ಲ. 1971ರಲ್ಲಿ ಅಲ್ಲಿನ ರಸ್ತೆಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಂದಿ ಮಡಿದರು. ಅವರಲ್ಲಿ ನಾನೂರಕ್ಕೂ ಮಿಕ್ಕು ಮಕ್ಕಳು. ಮಗಳನ್ನು ಕಳೆದುಕೊಂಡ ಪತ್ರಕರ್ತನೊಬ್ಬನು ಮರುವರ್ಷ ಬರೆದ ಲೇಖನದಿಂದ, ‘ಮಕ್ಕಳ ಕೊಲೆಯನ್ನು ನಿಲ್ಲಿಸಿ’ ಎಂಬ ಹೆಸರಿನ ಚಳವಳಿಯೇ ಹುಟ್ಟಿತು. ಓದುಬರಹ ಬಲ್ಲ ಗೃಹಸ್ಥರು, ತಾಯಂದಿರು ಬೀದಿಗಿಳಿದರು. ಇಂದು ಅಲ್ಲಿ ಕಾಣುವ ಸೈಕಲ್ ಪಥಗಳು ಅಂಥ ಹೋರಾಟಗಳಿಂದ ಬಂದವೇ ಹೊರತು ಬೆಲೆಬಾಳುವ ಚಕ್ರಗಳಿಂದ ಬಂದವಲ್ಲ.

ನಡುವಯಸ್ಸಿನ ಗೃಹಸ್ಥನು ತುಳಿಯಲಿ. ಮೈ ಕರಗಲಿ, ಮನಸ್ಸು ಅರಳಲಿ. ಆದರೆ ವಾರಕ್ಕೊಂದು ದಿನವಾದರೂ ಆ ಸೈಕಲ್ಲು ಕಚೇರಿಯ ಬಾಗಿಲನ್ನು ಮುಟ್ಟಲಿ. ಕಚೇರಿಯಲ್ಲಿ ತನ್ನ ಸೈಕಲ್ಲಿಗೆ ಕೇಳುವ ನೆರಳಿನ ಜಾಗವನ್ನು ಅಲ್ಲಿನ ಕಾವಲುಗಾರನ ಸೈಕಲ್ಲಿಗೂ ಕೇಳಲಿ. ಪುರಸಭೆಯ ಮುಂದೆ ನಿಂತು, ಬೆಟ್ಟದ ರಸ್ತೆಯನ್ನಲ್ಲ, ಶಾಲೆಗೂ ಕಾರ್ಖಾನೆಗೂ ಹೋಗುವ ರಸ್ತೆಯನ್ನು ಸೈಕಲ್ಲಿಗೆ ನಿರ್ಭಯವಾಗಿಸಬೇಕೆಂದು ಒತ್ತಾಯಿಸಲಿ. ಹಾಗೆ ಮಾಡಿದ ದಿನ ಹತ್ತು ಲಕ್ಷದ ಸೈಕಲ್ಲಿಗೂ ಯಾರ ಆಕ್ಷೇಪಣೆಯೂ ಇರದು. ಮಾಡದಿದ್ದಲ್ಲಿ, ಅದು ನಂದಿಬೆಟ್ಟವನ್ನು ಎಷ್ಟು ಸಲ ಏರಿದರೂ ಶೃಂಗಾರದ ವಸ್ತುವೇ ಸರಿ. ಸವಾರಿಯೆಂಬ ಹೆಸರು ಹಾಲಿನವನ ಇಪ್ಪತ್ತು ಕಿಲೋ ಸೈಕಲ್ಲಿಗೇ ಸಲ್ಲತಕ್ಕದ್ದು.