ಬಂಗಾರಪೇಟೆ–ಕೆ.ಜಿ.ಎಫ್. ಸೈಕಲ್ ಪಥ: ಜಾಗ ಹರಾಜಾಗುವ ಮುನ್ನ

ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗಿನ ರೈಲು ಶಾಖೆಯ ಉದ್ದ ಸುಮಾರು 16 ಕಿ.ಮೀ. ಚಿನ್ನದ ಗಣಿಗಳಿಗೆಂದು 1894ರಲ್ಲಿ ಆರಂಭವಾದ ಈ ಮಾರ್ಗವು, 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದ ತರುವಾಯ, ಬೆಂಗಳೂರಿಗೆ ದುಡಿಯಲು ಹೋಗುವವರ ಜೀವನಾಡಿಯಾಗಿದೆ. ಆದರೆ ಮನೆಯಿಂದ ನಿಲ್ದಾಣಕ್ಕೆ ನಡೆದೋ ಸೈಕಲ್ ತುಳಿದೋ ಬರುವವನು ಲಾರಿ, ಬಸ್ಸುಗಳ ಅಂಚಿನಲ್ಲೇ ಸಾಗಬೇಕು. ಎರಡೂ ಪಟ್ಟಣಗಳನ್ನು ಕೋರಮಂಡಲ್, ಊರಿಗಾಂ, ಚಾಂಪಿಯನ್ ನಿಲ್ದಾಣಗಳ ಮೂಲಕ ಜೋಡಿಸಿ, ಕಮ್ಮಸಂದ್ರದ ಕೋಟಿಲಿಂಗೇಶ್ವರಕ್ಕೆ ಒಂದು ಕವಲು ಕೊಡುವ ಕಾಲ್ನಡಿಗೆ ಹಾಗೂ ಸೈಕಲ್ ಪಥದ ಬಗ್ಗೆ ವರ್ತಕ ಬಾಂಧವರು ಗಂಭೀರವಾಗಿ ಯೋಚಿಸಬೇಕಾದ ಕಾಲ ಇದು.

ಇದು ವಿದೇಶಿ ಶೋಕಿ ಎನ್ನುವವರು ನಮ್ಮ ಗಣಿಗಳ ಇತಿಹಾಸವನ್ನೇ ನೋಡಲಿ. ಜಾನ್ ಟೇಲರ್ ಅಂಡ್ ಸನ್ಸ್ ಆಡಳಿತದ ಕಾಲದಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಗಣಿಗಾರರು ಇಲ್ಲಿಗೆ ಬಂದರು. ಅದೇ ಕಾರ್ನ್‌ವಾಲ್‌ನಲ್ಲಿ ಗಣಿಗಳು ನಿಂತ ಮೇಲೆ, ಅದಿರು ಸಾಗಿಸುತ್ತಿದ್ದ ಹಳೆಯ ಟ್ರಾಮ್ ಮಾರ್ಗಗಳನ್ನು ಅನುಸರಿಸಿ ಪೋರ್ಟ್‌ರೀತ್‌ನಿಂದ ಡೆವೊರಾನ್‌ವರೆಗೆ ಸುಮಾರು 18 ಕಿ.ಮೀ. ಪಥ ನಿರ್ಮಿಸಲಾಗಿದೆ. ಉದ್ದದಲ್ಲಿ ನಮ್ಮದಕ್ಕೂ ಅದಕ್ಕೂ ಹೆಚ್ಚಿನ ಅಂತರವಿಲ್ಲ. ಅಲ್ಲಿ ಹಳಿ ಇಲ್ಲ, ಇಲ್ಲಿ ರೈಲು ಓಡುತ್ತಿದೆ. ಆದ್ದರಿಂದ ನಮ್ಮ ಪಥ ಬಹುಪಾಲು ಗಣಿ ಜಮೀನಿನಲ್ಲೇ ಹಾಯಬೇಕು.

ತೊಡಕು ಇರುವುದು ಅಲ್ಲೇ. 13 ಸಯನೈಡ್ ದಿಬ್ಬಗಳಿರುವ ಸುಮಾರು 1,003 ಎಕರೆಯಲ್ಲಿ ಮರುಗಣಿಗಾರಿಕೆಗೆ ಹರಾಜು ನಡೆಸುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟವು 2024ರ ಜೂನ್‌ನಲ್ಲಿ ಒಪ್ಪಿಗೆ ನೀಡಿತು. ಜಮೀನು ಗುತ್ತಿಗೆದಾರರ ಕೈಸೇರಿ ಬೇಲಿ ಬಿದ್ದ ಮೇಲೆ ಪಥಕ್ಕೆಂದು ಹತ್ತಡಿ ಕೇಳಿದರೂ ಪರಿಹಾರದ ಲೆಕ್ಕ ಶುರುವಾಗುತ್ತದೆ. ಈಗ ಟೆಂಡರ್ ಷರತ್ತಿನಲ್ಲಿ ಒಂದು ಸಾಲು ಸೇರಿಸುವುದಕ್ಕೆ ಖರ್ಚೇನೂ ಇಲ್ಲ. ದಿಬ್ಬದ ಧೂಳು ಊರಿನ ಆರೋಗ್ಯಕ್ಕೆ ಒಳ್ಳೆಯದಲ್ಲ. ಪಥವು ಅದರಿಂದ ದೂರವಿದ್ದು, ನಡುವೆ ಮರಗಳ ಸಾಲಿರಬೇಕು.

ಹಣದ ವಿಚಾರ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಡಿ ಅರ್ಹ ಕಂಪನಿಗಳು ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವ್ಯಯಿಸಬೇಕು. ಪರಂಪರೆ, ಪರಿಸರ, ಗ್ರಾಮೀಣಾಭಿವೃದ್ಧಿ ಮೂರೂ ಅದರ ಪಟ್ಟಿಯಲ್ಲಿವೆ. 1964ರಲ್ಲಿ ಸ್ಥಾಪನೆಯಾಗಿ ಇಲ್ಲಿ ಘಟಕ ಹೊಂದಿರುವ ಬಿ.ಇ.ಎಂ.ಎಲ್. ಮುಂದೆಯೂ ಈ ಪ್ರಸ್ತಾವ ಇಡಬಹುದು. ಆದರೆ ನಿರ್ಮಾಣಕ್ಕೆ ದೊರೆಯುವ ಈ ಹಣವನ್ನು ನಿರ್ವಹಣೆಗೆ ನೆಚ್ಚುವಂತಿಲ್ಲ. ನಿಯಮಗಳ ಪ್ರಕಾರ ಮುಂದುವರಿಯುವ ಯೋಜನೆಯ ಅವಧಿ, ಆರಂಭದ ವರ್ಷ ಬಿಟ್ಟು, ಮೂರು ವರ್ಷ ಮೀರಬಾರದು. ಶಾಶ್ವತ ನಿಧಿಗೆ ಕೊಡುವ ದೇಣಿಗೆಯೂ ಲೆಕ್ಕಕ್ಕೆ ಬಾರದು. ಉದ್ಘಾಟನೆಯ ಕಲ್ಲಿಗೆ ಹಣ ಹುಟ್ಟುತ್ತದೆ, ನಾಲ್ಕನೆಯ ವರ್ಷ ಜಾಲಿ ಕಡಿಯಲು ಹುಟ್ಟುವುದಿಲ್ಲ! ಆದುದರಿಂದ ನಿಲ್ದಾಣಗಳ ಬಳಿಯ ಸೈಕಲ್ ಸ್ಟ್ಯಾಂಡ್, ದುರಸ್ತಿ ಹಾಗೂ ಚಹಾ ಮಳಿಗೆಗಳ ಬಾಡಿಗೆಯನ್ನು ನಿರ್ವಹಣೆಗೇ ಮೀಸಲಿಡುವ ಪ್ರತ್ಯೇಕ ಖಾತೆ ಮೊದಲ ದಿನದಿಂದಲೇ ಇರತಕ್ಕದ್ದು.

ಅಂಗಡಿಯ ಮುಂದಿನ ಪಾರ್ಕಿಂಗ್ ಹೋಗುವುದೆಂಬ ಅಳುಕು ಬಂಗಾರಪೇಟೆಯ ಕೆಲವರಿಗೆ ಇರಬಹುದು. ಪೇಟೆಯೊಳಗೆ ಇದು ನಿಜಕ್ಕೂ ಚರ್ಚಾರ್ಹ. ಸೈಕಲ್ ಗಿರಾಕಿ ಒಮ್ಮೆಗೆ ಕೊಳ್ಳುವುದು ಕಡಿಮೆ, ಬರುವುದು ಮಾತ್ರ ದಿನವೂ ಎಂಬುದು ನನ್ನ ಅಭಿಪ್ರಾಯ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿ.ಎಸ್.ಟಿ. ಶೇ. 12ರಿಂದ 5ಕ್ಕೆ ಇಳಿದಿರುವುದನ್ನೂ ಗಮನಿಸಬಹುದು.

ನಮ್ಮ ಸಂಸ್ಥೆಯು ಕೇಂದ್ರ ಗಣಿ ಸಚಿವಾಲಯಕ್ಕೂ ಕೋಲಾರ ಜಿಲ್ಲಾಧಿಕಾರಿಗಳಿಗೂ ಒಂದು ನಕ್ಷೆ ಸಹಿತ ಮನವಿ ಸಲ್ಲಿಸಲಿ. ಅದರಲ್ಲಿ ಪಥದ ಪಟ್ಟಿಯನ್ನು ಹರಾಜಿನಿಂದ ಹೊರಗಿಡಬೇಕೆಂಬ ಒಂದೇ ಕೋರಿಕೆ ಇದ್ದರೆ ಸಾಕು. ಉಳಿದುದನ್ನು ಆಮೇಲೆ ಕೇಳೋಣ.